ಸತ್ತ ಮೇಲೂ ಗುಣವಾಗುತ್ತಿದ್ದ ಆರಿನ್ ಪೆಲ್ಟನ್

ಆರಿನ್ ಪೆಲ್ಟನ್‌ನನ್ನು ಮಣ್ಣು ಮಾಡಿದ್ದು ಏಪ್ರಿಲ್‌ನಲ್ಲಿ, ಹಿಮ ಕರಗಿ ನಮ್ಮ ಸ್ಲೇಟ್ ಹಿಲ್ ಊರಿನ ರಸ್ತೆಯಲ್ಲೆಲ್ಲ ಮೊಣಕಾಲುದ್ದ ಕೆಸರಿದ್ದ ವಾರ. ಮಣ್ಣಿಗೆ ಬಂದವರು ಹನ್ನೊಂದು ಜನ. ಅದರಲ್ಲಿ ಇಬ್ಬರು ಗುಂಡಿ ತೋಡಿದವರು, ಒಬ್ಬರು ಪಾದ್ರಿ. ಉಳಿದವರಲ್ಲಿ ನಾನೂ ಒಬ್ಬಳು. ಪೆಟ್ಟಿಗೆ ಇಳಿಸಿದ್ದನ್ನೂ ಮೇಲೆ ಮಣ್ಣೆಳೆದದ್ದನ್ನೂ ಕಣ್ಣಾರೆ ಕಂಡಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಆಮೇಲೆ ಆರಿನ್ ಸತ್ತಿದ್ದಾನೆ ಅಂದರೆ ನಂಬುವವರೇ ಇಲ್ಲವಾದರು.

ನನ್ನ ಹೆಸರು ಟ್ರೈಫೀನಾ ಬಾಗ್ಸ್. ಇಪ್ಪತ್ತಾರು ವರ್ಷ ಈ ಊರಿನ ಅಂಚೆ ನೋಡಿಕೊಂಡವಳು. ಆರಿನ್‌ನ ಹೆಂಡತಿ ಲೊವೀನಾ ನನ್ನ ಪಕ್ಕದ ಮನೆಯವಳು. ಚೀಸ್ ಮಾಡುತ್ತಿದ್ದಳು, ಕೋಳಿ ಸಾಕಿದ್ದಳು, ಭಾನುವಾರ ಚರ್ಚಿನಲ್ಲಿ ಎಲ್ಲರಿಗಿಂತ ಒಂದು ಸಾಲು ಮುಂದೆ ಹಾಡುತ್ತಿದ್ದಳು. ಹುಟ್ಟಿದಾಗಿನಿಂದ ಒಂದು ಸುಳ್ಳು ಹೇಳಿದವಳಲ್ಲ. ಅದರಿಂದಾಗಿ ಅವಳಿಗೆ ಸ್ನೇಹಿತರು ಕಡಿಮೆ.

ಆರಿನ್ ಅವಳ ತದ್ವಿರುದ್ಧ. ಅವನಿಗೆ ಕಾಯಿಲೆ ಅಂದರೆ ಪ್ರಾಣ. ಬೇರೆ ಗಂಡಸರು ಕುದುರೆಯ ಬಗ್ಗೆ ಮಾತಾಡುವ ಹಾಗೆ ಅವನು ತನ್ನ ಹೊಟ್ಟೆಯ ಬಗ್ಗೆ ಮಾತಾಡುತ್ತಿದ್ದ. ಮಾರುಕಟ್ಟೆಗೆ ಬಂದ ಯಾವ ಮದ್ದನ್ನೂ ಅವನು ಬಿಟ್ಟಿರಲಿಲ್ಲ. ಕೊನೆಗೆ ಅವನ ಮನಸ್ಸು ನಿಂತದ್ದು ರಾಚೆಸ್ಟರ್ ಪಟ್ಟಣದ ಡಾಕ್ಟರ್ ಕ್ವಿಂಬ್ರೆಲ್‌ರ ಜೀವವರ್ಧಕ ಕಷಾಯದ ಮೇಲೆ. ಮೂರನೇ ಬಾಟಲಿ ಮುಗಿದಾಗ ಖುಷಿ ತಡೆಯಲಾರದೆ ಕಂಪನಿಗೆ ಕಾಗದ ಬರೆದ: ನನಗೆ ಇಂತಿಂಥ ಹದಿನಾರು ರೋಗಗಳಿದ್ದವು, ಈಗ ಒಂದೂ ಇಲ್ಲ, ಬೇಕಾದರೆ ನನ್ನ ಹೆಂಡತಿ ಲೊವೀನಾಳನ್ನು ಕೇಳಿ.

ಕಂಪನಿಯವರು ಲೊವೀನಾಳನ್ನು ಕೇಳಲಿಲ್ಲ. ಪ್ರತಿ ಡಿಸೆಂಬರಿನಲ್ಲಿ ಪುಕ್ಕಟೆ ಹಂಚುವ ತಮ್ಮ ಪಂಚಾಂಗದಲ್ಲಿ ಅವನ ಕಾಗದ ಅಚ್ಚು ಹಾಕಿಸಿದರು. ಪಕ್ಕದಲ್ಲಿ ಒಂದು ಚಿತ್ರವೂ ಇತ್ತು, ಎದೆಯುದ್ದ ಗಡ್ಡದ ಯಾರೋ ಸೇನಾಪತಿಯದು. ಆರಿನ್‌ಗೆ ಗಡ್ಡವೇ ಬರುತ್ತಿರಲಿಲ್ಲ. ಅಚ್ಚು ಮೊಳೆ ಜೋಡಿಸುವವನು ಕೈತಪ್ಪಿ ಪಕ್ಕದ ಕಾಗದದ ಹೆಂಗಸಿನ ಎರಡು ರೋಗಗಳನ್ನೂ ಇವನ ಪಟ್ಟಿಗೇ ಸೇರಿಸಿದ್ದ. ಹಾಗಾಗಿ ಆರಿನ್ ಪೆಲ್ಟನ್‌ಗೆ ಗರ್ಭಕೋಶ ಜಾರುವುದು ಪೂರ್ತಿ ಗುಣವಾಗಿದೆ ಎಂದು ಇಡೀ ದೇಶಕ್ಕೆ ತಿಳಿಯಿತು. ಕಮ್ಮಾರನ ಅಂಗಡಿಯಲ್ಲಿ ಒಂದು ತಿಂಗಳು ಇದೇ ಮಾತು. ಆರಿನ್‌ಗೆ ಬೇಸರವಾಗಲಿಲ್ಲ. ಪಂಚಾಂಗದ ಹಾಳೆಯನ್ನು ಚೌಕಟ್ಟು ಹಾಕಿಸಿ ಒಲೆಯ ಮೇಲ್ಗಡೆ ತೂಗುಹಾಕಿದ.

ಮರುವರ್ಷ ಏಪ್ರಿಲ್‌ನಲ್ಲಿ ಸತ್ತ. ಕಾಮಾಲೆ. ಅವನ ಹದಿನಾರು ರೋಗಗಳಲ್ಲಿ ಅದು ಮೊದಲನೆಯದು, ನಿಜವಾಗಿ ಇದ್ದದ್ದು ಅದೊಂದೇ.

ಆ ಡಿಸೆಂಬರಿನ ಪಂಚಾಂಗ ಬಂದಾಗ ಲೊವೀನಾ ನನ್ನ ಅಂಚೆ ಕಿಟಕಿಯ ಮುಂದೆಯೇ ತೆರೆದಳು. ಕನ್ನಡಕ ನನ್ನದು, ಅವಳದರ ಮೇಲೆ ಆರಿನ್ ಕೂತು ಒಡೆದು ಎರಡು ವರ್ಷವಾಗಿತ್ತು.

"ಟ್ರೈಫೀ, ಇಲ್ಲಿ ನೋಡೇ," ಎಂದಳು. "ಇವನು ದಿನೇ ದಿನೇ ಚೇತರಿಸಿಕೊಳ್ತಿದ್ದಾನಂತೆ."

ಓದಿದೆ. ನಿಜ. ಗಡ್ಡದ ಆರಿನ್ ಪೆಲ್ಟನ್ ಹೋದ ವರ್ಷಕ್ಕಿಂತ ಆರು ಸೇರು ತೂಕ ಹೆಚ್ಚಾಗಿದ್ದ. ಅದರ ಮುಂದಿನ ವರ್ಷ ಸೌದೆ ಒಡೆಯತೊಡಗಿದ. ಮೂರನೇ ವರ್ಷ ಮದುವೆಯೊಂದರಲ್ಲಿ ಬೆಳಗಾಗುವವರೆಗೆ ಕುಣಿದ.

"ಬದುಕಿದ್ದಾಗ ಸೌದೆಮನೆ ಎಲ್ಲಿದೆ ಅಂತಾನೂ ಗೊತ್ತಿರಲಿಲ್ಲ ಈ ಗಂಡಸಿಗೆ," ಎಂದಳು ಲೊವೀನಾ.

ಜೊತೆಗೆ ಕಾಗದಗಳು. ಪಂಚಾಂಗದಲ್ಲಿ "ಸಂಶಯವಿದ್ದವರು ಶ್ರೀ ಪೆಲ್ಟನ್‌ರಿಗೇ ಬರೆದು ಕೇಳಿ, ಕಂಪನಿಯ ವಿಳಾಸಕ್ಕೆ" ಎಂದು ಇರುತ್ತಿತ್ತು. ಹೆಚ್ಚಿನವರು ಹಾಗೇ ಮಾಡುತ್ತಿದ್ದರು. ಆದರೆ ಸ್ವಲ್ಪ ಜಾಣರು, ಕಂಪನಿಯ ಕೈಗೆ ಸಿಗಬಾರದೆಂದು ನೇರ ಸ್ಲೇಟ್ ಹಿಲ್‌ಗೇ ಬರೆಯುತ್ತಿದ್ದರು. ವಾರಕ್ಕೆ ನಾಲ್ಕೈದು. ಲೊವೀನಾ ಮೊದಮೊದಲು ಅವನ್ನು ಒಲೆಗೆ ಹಾಕಿದಳು. ಆಮೇಲೆ ಒಂದನ್ನು ಓದಿದಳು, ಅದೇ ತಪ್ಪಾಯಿತು. ಓದಿದ ಮೇಲೆ ಸುಡುವುದು ಅವಳ ಕೈಯಲ್ಲಿ ಆಗಲಿಲ್ಲ. ಎಲ್ಲರಿಗೂ ಒಂದೇ ಉತ್ತರ ಬರೆಯತೊಡಗಿದಳು: ನನ್ನ ಗಂಡ ಸತ್ತಿದ್ದಾನೆ. ಕಾಮಾಲೆಯಿಂದ ಸತ್ತ. ಕೊನೆಯವರೆಗೂ ಕಷಾಯ ಕುಡಿಯುತ್ತಿದ್ದ.

ಬಹಳ ಮಂದಿ ತಿರುಗಿ ಬರೆಯಲಿಲ್ಲ. ಬರೆದವಳು ಒಬ್ಬಳು, ನೆಬ್ರಾಸ್ಕಾದ ಸಲೋಮಾ ಸ್ಟ್ರೌಡ್. ಅವಳ ಎರಡು ವರ್ಷದ ಮಗಳು ಎಫಿಗೆ ಹಲ್ಲು ಬರುವಾಗ ಅಳು ನಿಲ್ಲುತ್ತಿರಲಿಲ್ಲವಂತೆ. ಕಷಾಯ ಕೊಡಬಹುದೇ ಎಂದು ಕಂಪನಿಗೂ ಬರೆದಿದ್ದಳು, ಇಲ್ಲಿಗೂ ಬರೆದಿದ್ದಳು. ಲೊವೀನಾಳ ಉತ್ತರಕ್ಕೆ ಅವಳ ಮರುತ್ತರ ಅಕ್ಟೋಬರಿನಲ್ಲಿ ಬಂತು. ನಾನೇ ಗಟ್ಟಿಯಾಗಿ ಓದಿದೆ.

"ಅಮ್ಮಾ, ನೀವು ಯಾರೋ ಗೊತ್ತಿಲ್ಲ. ಬೇರೆ ಮದ್ದಿನ ಕಂಪನಿಯವರು ನಿಮಗೆ ಎಷ್ಟು ಕೊಟ್ಟಿದ್ದಾರೋ ಅದೂ ಗೊತ್ತಿಲ್ಲ. ಬದುಕಿರುವ ಒಳ್ಳೆಯ ಮನುಷ್ಯನನ್ನು ಸತ್ತ ಅನ್ನಲು ನಿಮಗೆ ನಾಲಿಗೆ ಹೇಗೆ ಬಂತು? ಶ್ರೀ ಪೆಲ್ಟನ್ ನನಗೆ ಸ್ವಂತ ಕೈಯಿಂದ ಬರೆದಿದ್ದಾರೆ. ನೀವೇ ನೋಡಿ ನಾಚಿಕೊಳ್ಳಿ ಎಂದು ಅದನ್ನೂ ಇದರಲ್ಲಿ ಇಟ್ಟಿದ್ದೇನೆ."

ಆರಿನ್‌ನ ಕಾಗದ ಚೆನ್ನಾಗಿ ಮಡಿಚಿತ್ತು. ಅಕ್ಷರ ಮುತ್ತಿನ ಹಾಗೆ. ಮಗುವಿಗೆ ದಿನಕ್ಕೆ ಮೂರು ಚಮಚ ಧಾರಾಳವಾಗಿ ಕೊಡಿ, ಸಾಲದಿದ್ದರೆ ನಾಲ್ಕು ಎಂದು ಬರೆದಿತ್ತು. ಕೊನೆಯಲ್ಲಿ ಹೀಗಿತ್ತು: "ನಾನು ಇದನ್ನು ಬರೆಯುತ್ತಿರುವಾಗ ನನ್ನ ಪ್ರೀತಿಯ ಲೊವೀನಾ ಕಿಟಕಿಯ ಬಳಿ ಹೊಲಿಯುತ್ತ ಕೂತಿದ್ದಾಳೆ. ಅವಳ ಕೂದಲ ಮೇಲೆ ಬಿಸಿಲು ಬಿದ್ದಿದೆ. ಇಷ್ಟು ವರ್ಷ ಅವಳು ನನ್ನನ್ನು ಸಹಿಸಿಕೊಂಡದ್ದಕ್ಕೆ ನಾನು ಏನು ಕೊಟ್ಟರೂ ಕಡಿಮೆಯೇ."

ಲೊವೀನಾ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಇನ್ನೊಂದು ಸಲ ಓದಿದಳು. ತುಟಿ ಬಿಗಿಯಾಗಿತ್ತು.

"ಮೂವತ್ತೊಂದು ವರ್ಷ ಸಂಸಾರ ಮಾಡಿದೆ," ಎಂದಳು. "ಇಂಥದ್ದು ಒಂದು ವಾಕ್ಯ ಹೇಳ್ಲಿಲ್ಲ ಆ ಪುಣ್ಯಾತ್ಮ. ಸತ್ತು ಮೂರು ವರ್ಷ ಆದ್ಮೇಲೆ ನೆಬ್ರಾಸ್ಕಾದೋಳಿಗೆ ಬರೀತಾನೆ."

"ಇರು, ಇನ್ನೂ ಇದೆ," ಎಂದೆ. ಸಲೋಮಾಳ ಕಾಗದದ ಹಿಂಬದಿಯಲ್ಲಿ ಎರಡು ಸಾಲು ಉಳಿದಿತ್ತು. ಎಫಿ ಈಗ ಅಳುವುದೇ ಇಲ್ಲವಂತೆ. ಮಧ್ಯಾಹ್ನದವರೆಗೆ ಮಲಗುತ್ತಾಳಂತೆ, ಎಬ್ಬಿಸಿದರೂ ಹಾಲು ಕೇಳುವುದಿಲ್ಲವಂತೆ. ಇಷ್ಟು ಸಾಧು ಮಗು ಈ ಸೀಮೆಯಲ್ಲೇ ಇಲ್ಲ ಎಂದು ಅತ್ತಿಗೆ ಹೊಗಳಿದಳಂತೆ.

ಲೊವೀನಾ ಕೋಪ ಮಾಡಿಕೊಳ್ಳುವುದನ್ನು ನಿಲ್ಲಿಸಿದಳು. ಕನ್ನಡಕ ತೆಗೆದು ಅಂಚೆ ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಆರಿನ್ ಕೊನೆ ತಿಂಗಳು ಹೀಗೇ ಮಲಗ್ತಿದ್ದ," ಎಂದಳು.

ಇಬ್ಬರೂ ನಮ್ಮೂರ ಡಾಕ್ಟರ್ ಅಮಾಸಾ ಥ್ರಾಲ್‌ರ ಹತ್ತಿರ ಹೋದೆವು. ಎಂಬತ್ತು ವರ್ಷದ ಮುದುಕ, ಯಾರಿಗೂ ಏನೂ ಮುಚ್ಚಿಡುವ ವಯಸ್ಸು ದಾಟಿತ್ತು. ಆರಿನ್ ಬಿಟ್ಟುಹೋಗಿದ್ದ ಅರ್ಧ ಬಾಟಲಿಯ ಬಿರಡೆ ತೆಗೆದು ಮೂಸಿದರು, ಒಂದು ಗುಟುಕು ಕುಡಿದರು, ಖಾತ್ರಿಗಾಗಿ ಇನ್ನೊಂದು ಗುಟುಕು ಕುಡಿದರು.

"ಸಾರಾಯಿ, ಅಫೀಮು, ಕಾಕಂಬಿ. ಬಣ್ಣಕ್ಕೆ ಯಾವ್ದೋ ಮರದ ತೊಗಟೆ," ಎಂದರು.

"ಎರಡು ವರ್ಷದ ಮಗುಗೆ ಕೊಟ್ರೆ?"

"ಮಲಗತ್ತೆ. ತುಂಬ ದಿನ ಕೊಟ್ರೆ ಏಳೋದು ಮರೆಯತ್ತೆ."

"ನೀವು ಕೊಡೋ ಮದ್ದಲ್ಲಿ ಏನಿರತ್ತೆ ಡಾಕ್ಟ್ರೇ?" ನಾನು ಕೇಳಿದೆ.

"ಅದೇ. ನಾನು ಕಮ್ಮಿ ಹಾಕ್ತೀನಿ. ನನ್ನ ಬಾಟಲಿ ಮೇಲೆ ಚಿತ್ರ ಇರಲ್ಲ."

ಆಮೇಲೆ ಅವರು ಮುಖ ಗಂಭೀರ ಮಾಡಿ, ಒಮ್ಮೆಲೇ ನಿಲ್ಲಿಸಬಾರದು, ದಿನಕ್ಕೆ ಅರ್ಧರ್ಧ ಚಮಚ ಇಳಿಸುತ್ತ ಬರಬೇಕು, ಹಾಲು, ಮೊಟ್ಟೆಯ ಹಳದಿ ಕೊಡಬೇಕು, ಮಗು ಕಿರುಚಿದರೆ ಕಿರುಚಲಿ, ಅದು ಒಳ್ಳೆಯ ಲಕ್ಷಣ ಎಂದು ಹೇಳಿಕೊಟ್ಟರು.

"ಈಗ್ಲೇ ಬರಿ," ಎಂದೆ ನಾನು ಲೊವೀನಾಗೆ.

"ನಾನು ಬರೆದ್ರೆ ಅವಳು ನಂಬ್ತಾಳಾ? ನಾನು ದುಡ್ಡು ತಿಂದೋಳು. ತಂತಿ ಕಳ್ಸಿದ್ರೂ ಅಷ್ಟೇ." ರಸ್ತೆಯ ನಡುವೆ ನಿಂತು ಯೋಚಿಸಿದಳು. "ಅವಳು ನಂಬೋದು ಆರಿನ್‌ನ. ಆರಿನ್ನೇ ಬರೀಬೇಕು."

"ಆರಿನ್ ಗುಡ್ಡದ ಮೇಲೆ ಮಲಗಿದ್ದಾನಲ್ಲ ಮಾರಾಯ್ತಿ."

"ಆ ಆರಿನ್ ಅಲ್ಲ," ಎಂದಳು. "ಬರೆಯೋಕೆ ಬರೋ ಆರಿನ್."

ಮರುದಿನ ಬೆಳಿಗ್ಗೆ ಬೇಯಿಸಿದ ಮೊಟ್ಟೆ, ಒಂದು ಸೇಬಿನ ಪೈ ಕಟ್ಟಿಕೊಂಡು ರೈಲು ಹತ್ತಿದೆವು. ಅಂಚೆ ಕಚೇರಿಯ ಬಾಗಿಲಿಗೆ "ಜ್ವರ" ಎಂದು ಬರೆದು ಅಂಟಿಸಿ ಬಂದಿದ್ದೆ. ಯಾರಿಗೆ ಎಂದು ಬರೆದಿರಲಿಲ್ಲ.

ಕ್ವಿಂಬ್ರೆಲ್ ಕಂಪನಿ ಕಾಲುವೆಯ ಪಕ್ಕದ ನಾಲ್ಕು ಅಂತಸ್ತಿನ ಇಟ್ಟಿಗೆ ಕಟ್ಟಡ. ಕೆಳಗೆ ಬಾಟಲಿ ತುಂಬುತ್ತಿದ್ದರು. ಮೆಟ್ಟಿಲು ಹತ್ತುವಷ್ಟರಲ್ಲಿ ಆ ವಾಸನೆಗೇ ನನಗೆ ಸ್ವಲ್ಪ ನಗು ಬರತೊಡಗಿತ್ತು. ಮೂರನೇ ಅಂತಸ್ತಿನಲ್ಲಿ "ಪತ್ರ ವಿಭಾಗ" ಎಂಬ ಬಾಗಿಲು. ಒಳಗೆ ಗೋಡೆಯುದ್ದಕ್ಕೂ ಗೂಡುಗಳು, ಒಂದೊಂದು ಗೂಡಿನ ಕೆಳಗೂ ಒಂದೊಂದು ಹೆಸರು. "ಪೆಲ್ಟನ್" ಎಂಬ ಗೂಡು ತುಂಬಿ ಉಕ್ಕುತ್ತಿತ್ತು. ಮೇಜಿನ ಹಿಂದೆ ಐವತ್ತರ ಆಸುಪಾಸಿನ ಒಬ್ಬ ಸಣಕಲು ಮನುಷ್ಯ, ಅಂಗಿಯ ತೋಳಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಬರೆಯುತ್ತಿದ್ದ. ಹೆಸರು ಎಲ್ನೇಥನ್ ಫಿಚ್ ಎಂದು ಆಮೇಲೆ ತಿಳಿಯಿತು.

"ಯಾರು ಬೇಕಿತ್ತು?" ಎಂದ, ತಲೆ ಎತ್ತದೆ.

"ನಾನು ಮಿಸೆಸ್ ಪೆಲ್ಟನ್," ಎಂದಳು ಲೊವೀನಾ.

"ಯಾವ ಪೆಲ್ಟನ್?"

"ನಿಮ್ಮ ಹೆಂಡ್ತಿ."

ಅವನ ಲೇಖನಿ ನಿಂತಿತು. ಎದ್ದು ನಿಂತ. ಮುಖ ಕೆಂಪಾಗಿ, ನಿಜವಾಗಿಯೂ ಮನೆಗೆ ತಡವಾಗಿ ಬಂದ ಗಂಡನ ಹಾಗೆ ಕೈ ಹಿಸುಕಿಕೊಂಡ. ನಮಗೆ ಕುರ್ಚಿ ಎಳೆದು ಹಾಕಿದ.

"ನಿಮ್ಮ ಕೂದಲು," ಎಂದ ಕೊನೆಗೆ. "ನಾನು ಕಂದು ಅಂದ್ಕೊಂಡಿದ್ದೆ."

"ಇತ್ತು, ಒಂದಾನೊಂದು ಕಾಲದಲ್ಲಿ."

"ಅವರಿಗೆ ಸೇಬಿನ ಪೈ ಇಷ್ಟ ಅಂತ ಬರೀತಿದ್ದೀನಿ. ಸರಿನಾ?"

"ಕುಂಬಳಕಾಯಿದು."

ಅವನು ಅದನ್ನು ಒಂದು ಚೀಟಿಯಲ್ಲಿ ಗುರುತು ಹಾಕಿಕೊಂಡ. ನಿಜವಾಗಿ ಹಾಕಿಕೊಂಡ, ನಾನು ನೋಡಿದೆ.

"ನಿಮ್ಮನ್ನ ಅವರು ಏನಂತ ಕರೀತಿದ್ರು?"

"'ಏಯ್' ಅಂತ," ಎಂದಳು ಲೊವೀನಾ. "ಸ್ವಾಮಿ, ನಾನು ಅದಕ್ಕೆ ಬಂದಿಲ್ಲ. ಇದನ್ನ ಓದಿ."

ಸಲೋಮಾಳ ಕಾಗದ ಮುಂದಿಟ್ಟಳು. ಫಿಚ್ ಅದರಲ್ಲಿ ಏನನ್ನೋ ಹುಡುಕಿದ. ಆಮೇಲೆ ಗೊತ್ತಾಯಿತು, ಅವನು ಹುಡುಕಿದ್ದು ಕೆಂಪು ಗೆರೆ. ಬಂದ ಕಾಗದವನ್ನೆಲ್ಲ ಮೊದಲು ಕೆಳಗಿನ ಅಂತಸ್ತಿನಲ್ಲಿ ಒಡೆದು, ರೋಗದ ಹೆಸರಿನ ಕೆಳಗೆ ಕೆಂಪು ಸೀಸದಲ್ಲಿ ಗೆರೆ ಎಳೆದು ಮೇಲೆ ಕಳಿಸುತ್ತಿದ್ದರು. ಅವನು ಆ ಒಂದು ಪದ ಓದಿ ಉತ್ತರ ಬರೆಯುತ್ತಿದ್ದ. ಒಂಬತ್ತು ವರ್ಷದಲ್ಲಿ ಅವನು ಒಂದು ಕಾಗದವನ್ನೂ ಪೂರ್ತಿ ಓದಿದವನಲ್ಲ. ಇದಕ್ಕೆ ಗೆರೆ ಇರಲಿಲ್ಲವಾದ್ದರಿಂದ ಪೂರ್ತಿ ಓದಬೇಕಾಯಿತು. ಹಿಂಬದಿ ತಿರುಗಿಸಿದ. ಅಲ್ಲಿಯ ಎರಡು ಸಾಲು ಓದಿ, ಕಾಗದವನ್ನು ಬಹಳ ನಿಧಾನವಾಗಿ ಕೆಳಗಿಟ್ಟ.

"ಮೂರು ಚಮಚ," ಎಂದ. "ಸಾಲದಿದ್ರೆ ನಾಲ್ಕು."

"ಹೌದು. ನೀವೇ ಬರೆದದ್ದು. ಈಗ ಇಳಿಸು ಅಂತ ಬರೀರಿ."

"ಇಳಿಸು ಅಂತ ಬರೆಯೋ ಹಾಗಿಲ್ಲ ಅಮ್ಮ. ಇಲ್ಲಿ ಎರಡೇ ಉತ್ತರ. ಗುಣ ಆಗಿದ್ರೆ ಮುಂದುವರಿಸಿ, ಆಗದಿದ್ರೆ ಹೆಚ್ಚಿಸಿ. ಪ್ರತಿ ಕಾಗದದ ನಕಲು ಪುಸ್ತಕದಲ್ಲಿ ಉಳಿಯತ್ತೆ. ಅವರು ನೋಡ್ತಾರೆ."

ಫಿಚ್ ಅವರು ಎಂದದ್ದು ಯಾರನ್ನೋ ಅವನೇ ಬಂದ. ಡಾಕ್ಟರ್ ಕ್ವಿಂಬ್ರೆಲ್, ಎತ್ತರದ ಆಳು, ಚಿನ್ನದ ಸರಪಳಿ, ಹೊಟ್ಟೆಯ ಮೇಲೆ ಒಂದು ಕೈ. ಡಾಕ್ಟರಾಗುವ ಮುಂಚೆ ಅವನು ಮನೆಮನೆಗೆ ಸಿಡಿಲು ತಡೆಯುವ ಸರಳು ಮಾರುತ್ತಿದ್ದನಂತೆ.

"ಪೆಲ್ಟನ್‌ರ ಮನೆಯೋರಾ?" ಎಂದ, ಹೆಸರು ಕೇಳಿದ ಕೂಡಲೇ. "ನಮ್ಮ ಅತ್ಯುತ್ತಮ ಮನುಷ್ಯ. ಹೇಗಿದ್ದಾರೆ?"

"ಸತ್ತು ಮೂರು ವರ್ಷ ಆಯ್ತು."

"ಛೆ," ಎಂದ. ಒಂದು ಕ್ಷಣ ತಲೆ ತಗ್ಗಿಸಿದ. "ನಮ್ಮ ಪಟ್ಟಿಯಲ್ಲಿರೋ ಕಾಯಿಲೆನಾ?"

"ಮೊದಲನೇದು."

"ಹಾಗಿದ್ರೆ ಕಷಾಯ ನಡುವೆ ನಿಲ್ಲಿಸಿರ್ಬೇಕು."

"ನಿಲ್ಲಿಸಿದ," ಎಂದಳು ಲೊವೀನಾ. "ಸತ್ತ ಮೇಲೆ."

ಕ್ವಿಂಬ್ರೆಲ್ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ವಿಧವೆಯರ ಬಳಲಿಕೆಗೆ ತಮ್ಮದೊಂದು ಹೊಸ ಗುಳಿಗೆ ಬರುತ್ತಿದೆ, ನಿಮ್ಮಂಥ ಮರ್ಯಾದಸ್ಥರು ನಾಲ್ಕು ಸಾಲು ಬರೆದುಕೊಟ್ಟರೆ ಚಿತ್ರ ಸಮೇತ ಹಾಕಿಸುತ್ತೇನೆ ಎಂದ. ಯಾರ ಚಿತ್ರ ಎಂದು ನಾನು ಕೇಳಿದೆ. ಅವನಿಗೆ ಕೇಳಿಸಲಿಲ್ಲ. ಹೋಗುವ ಮುಂಚೆ ಜೇಬಿನಿಂದ ಒಂದು ಪುಟ್ಟ ಪೊಟ್ಟಣ ತೆಗೆದು ಅಡುಗೆ ಸೋಡಾ ಬಾಯಿಗೆ ಹಾಕಿಕೊಂಡು ನೀರು ಕುಡಿದ.

"ಹೊಟ್ಟೆ ಉರಿ?" ಎಂದಳು ಲೊವೀನಾ.

"ಇಪ್ಪತ್ತು ವರ್ಷದಿಂದ," ಎಂದ ಪಾಪ, ಬಾಗಿಲು ಹಾಕಿಕೊಂಡು ಹೋದ.

ಫಿಚ್ ಬಾಗಿಲನ್ನೇ ನೋಡುತ್ತಿದ್ದ. ಆಮೇಲೆ ಒಂದು ಹೊಸ ಹಾಳೆ ಎಳೆದುಕೊಂಡ. ಲೊವೀನಾ ಡಾಕ್ಟರ್ ಥ್ರಾಲ್ ಹೇಳಿದ್ದನ್ನೆಲ್ಲ ಒಂದೊಂದಾಗಿ ಹೇಳಿದಳು. ಅವನು ಬರೆದುಕೊಂಡು, ಲೇಖನಿಯ ತುದಿ ಕಚ್ಚುತ್ತ ಕೂತ.

"ಮದ್ದು ಕೆಟ್ಟದ್ದು ಅಂತ ಬರೆದ್ರೆ ಅವಳು ನಂಬಲ್ಲ," ಎಂದ. "ನಾಲ್ಕು ವರ್ಷದಿಂದ ಪಂಚಾಂಗದಲ್ಲಿ ಹೊಗಳ್ತಿರೋ ಮನುಷ್ಯ ಈಗ ತೆಗಳಿದ್ರೆ ಯಾರೋ ಬೇರೆಯೋರು ಬರೆದಿದ್ದಾರೆ ಅಂದ್ಕೋತಾಳೆ."

"ಬೇರೆಯೋರೇ ತಾನೇ ಬರೀತಿರೋದು," ಎಂದೆ ನಾನು.

ಅವನು ಬರೆಯತೊಡಗಿದ. ಬರೆದದ್ದನ್ನು ಓದಿ ಹೇಳಿದ. ಶ್ರೀ ಪೆಲ್ಟನ್‌ರಿಗೆ ಎಫಿ ಗುಣವಾದದ್ದು ಕೇಳಿ ಅಪಾರ ಸಂತೋಷವಾಗಿದೆ. ಆದರೆ ಸ್ವಂತ ಅನುಭವದಿಂದ ಒಂದು ಎಚ್ಚರಿಕೆ ಹೇಳುವುದು ತಮ್ಮ ಕರ್ತವ್ಯ. ಈ ಕಷಾಯ ಎಷ್ಟು ಬಲಶಾಲಿ ಎಂದರೆ, ರೋಗವನ್ನು ಪೂರ್ತಿ ತಿಂದು ಮುಗಿಸಿದ ಮೇಲೆ ತಿನ್ನಲು ಬೇರೆ ಏನೂ ಸಿಗದೆ ಮಗುವನ್ನೇ ತಿನ್ನತೊಡಗುತ್ತದೆ. ಮಗು ಹೆಚ್ಚು ಮಲಗುವುದು, ಹಾಲು ಕೇಳದಿರುವುದು ಇದರ ಗುರುತು. ಆದ್ದರಿಂದ ದಿನಕ್ಕೆ ಅರ್ಧರ್ಧ ಚಮಚ ಇಳಿಸಬೇಕು.

"ಇದು ಅಪ್ಪಟ ಸುಳ್ಳು," ಎಂದಳು ಲೊವೀನಾ.

"ಹೌದಮ್ಮ. ಆದ್ರೆ ಅವಳು ನಂಬ್ತಾಳೆ."

ಲೊವೀನಾ ಮಡಿಲಲ್ಲಿ ಕೈ ಕಟ್ಟಿಕೊಂಡು ನೆಲ ನೋಡುತ್ತ ಕೂತಳು. ಐವತ್ತಾರು ವರ್ಷ ಜೋಪಾನ ಮಾಡಿದ್ದನ್ನು ಯಾರಿಗೋ ಎತ್ತಿ ಕೊಡುವವರು ಕೂರುವ ಹಾಗೆ.

"ಮೊಟ್ಟೆಯ ಹಳದಿ ಬಿಟ್ಟಿದ್ದೀರಿ," ಎಂದಳು ಕೊನೆಗೆ. "ಅದನ್ನೂ ಸೇರಿಸಿ. ಮತ್ತೆ ಮಗು ಕಿರುಚಿದ್ರೆ ಹೆದರ್ಬೇಡ ಅಂತ ಬರೀರಿ. ಅದನ್ನ ಎರಡು ಸಲ ಬರೀರಿ."

ಎರಡು ಸಲ ಬರೆದ. ಸಹಿ ಹಾಕಿದ: ಆರಿನ್ ಪೆಲ್ಟನ್. ಲೊವೀನಾ ಆ ಸಹಿಯನ್ನು ಬಗ್ಗಿ ನೋಡಿ, ಅವನದು ಇಷ್ಟು ಚೆನ್ನಾಗಿರಲಿಲ್ಲ ಎಂದಳು. ಕಾಗದವನ್ನು ನಾವೇ ತೆಗೆದುಕೊಂಡು ಹೋಗಿ ನಿಲ್ದಾಣದ ಅಂಚೆಗೆ ಹಾಕಿದೆವು. ಫಿಚ್ ಮೆಟ್ಟಿಲಿನವರೆಗೂ ಬಂದ. ಏನೋ ಹೇಳಲು ಹೋಗಿ, ದಾರಿಯಲ್ಲಿ ಹುಷಾರು ಎಂದಷ್ಟೇ ಅಂದ.

ಆಮೇಲಿನ ಐದು ವಾರ ಲೊವೀನಾ ದಿನಕ್ಕೆ ಎರಡು ಸಲ ಅಂಚೆ ಕಚೇರಿಗೆ ಬರುತ್ತಿದ್ದಳು. ಟಪಾಲು ಬರುವುದು ಒಂದೇ ಸಲ ಎಂದು ಅವಳಿಗೂ ಗೊತ್ತಿತ್ತು. ಕೂತು ನನ್ನ ಕುರ್ಚಿಯ ಹರಿದ ಬಟ್ಟೆ ಹೊಲಿದಳು, ನನ್ನ ಕಿಟಕಿಯ ಗಾಜು ಒರೆಸಿದಳು. ಚೀಸ್ ಎರಡು ಸಲ ಕೆಡಿಸಿದಳು. ಒಂದು ಸಂಜೆ, ಚರ್ಚಿಗೆ ಹೋದರೂ ತನಗೆ ಪ್ರಾರ್ಥನೆ ಬರುತ್ತಿಲ್ಲ, ಸುಳ್ಳು ಹೇಳಿ ಬಂದವಳು ಯಾವ ಬಾಯಲ್ಲಿ ಕೇಳಲಿ ಎಂದಳು. ಆರಿನ್ ಕೇಳಲಿ, ಸುಳ್ಳು ಅವನ ಹೆಸರಲ್ಲಿದೆ ಎಂದೆ. ಅವಳು ನಗಲಿಲ್ಲ.

ಡಿಸೆಂಬರ್ ಮೊದಲ ವಾರ ಉತ್ತರ ಬಂತು. "ಶ್ರೀ ಆರಿನ್ ಪೆಲ್ಟನ್, ಸ್ಲೇಟ್ ಹಿಲ್." ಕಂಪನಿಗಲ್ಲ, ಇಲ್ಲಿಗೇ. ಲೊವೀನಾ ಒಡೆಯಲಿಲ್ಲ, ನನ್ನ ಕೈಗೆ ಕೊಟ್ಟಳು.

"ಪೂಜ್ಯ ಪೆಲ್ಟನ್‌ರೇ," ಎಂದು ಓದಿದೆ. "ನೀವು ಹೇಳಿದ ಹಾಗೇ ಇಳಿಸಿದೆ. ಒಂಬತ್ತು ದಿನ ಅವಳು ಕಿರುಚಿದ್ದಕ್ಕೆ ನನ್ನ ಗಂಡ ದನದ ಕೊಟ್ಟಿಗೆಯಲ್ಲಿ ಮಲಗಿದರು. ನೀವು ಎರಡು ಸಲ ಬರೆದಿದ್ದಿರಿ, ಅದಕ್ಕೇ ಹೆದರಲಿಲ್ಲ. ಈಗ ಎಫಿ ಕೈಗೆ ಸಿಕ್ಕಿದ್ದೆಲ್ಲ ತಿನ್ನುತ್ತಾಳೆ, ನಿನ್ನೆ ಅಂಗಿಯ ಒಂದು ಗುಂಡಿಯನ್ನೂ ತಿಂದಳು. ಎಲ್ಲದಕ್ಕೂ ಅಳುತ್ತಾಳೆ. ಸಾಧು ಮಗು ಹೋಯಿತು ಎಂದು ಅತ್ತಿಗೆಗೆ ಬೇಜಾರು. ಮದ್ದಿಗೆ ಇಂಥ ಶಕ್ತಿ ಇದೆ ಎಂದು ನನಗೆ ಗೊತ್ತಿರಲಿಲ್ಲ, ಉಳಿದ ಬಾಟಲಿಗಳನ್ನು ಹೆದರಿ ಹೂತುಹಾಕಿದ್ದೇನೆ."

ಲೊವೀನಾ ಟಪಾಲಿನ ಚೀಲದ ಮೇಲೆಯೇ ಕೂತುಬಿಟ್ಟಳು. ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು. ಆರಿನ್‌ನ ಮಣ್ಣಿನ ದಿನ ಕೂಡ ಅವಳು ಹೀಗೆ ಅತ್ತಿರಲಿಲ್ಲ. ನಾನು ಕಿಟಕಿ ಮುಚ್ಚಿದೆ. ಹೊರಗೆ ಯಾರೋ ಅಂಚೆಚೀಟಿ ಬೇಕು ಎಂದು ಬಡಿದರು, ಬಡಿಯಲಿ ಎಂದು ಬಿಟ್ಟೆ.

"ಇನ್ನೂ ಒಂದು ಸಾಲಿದೆ," ಎಂದೆ, ಅವಳು ಮೂಗು ಒರೆಸಿಕೊಂಡ ಮೇಲೆ.

"ಓದು."

"'ಒಂದು ಮಾತು ಹೇಳಬಹುದೋ ಬಾರದೋ ಗೊತ್ತಿಲ್ಲ. ನಿಮ್ಮ ವಿಳಾಸದಿಂದ ಒಬ್ಬ ಹೆಂಗಸು ನೀವು ಸತ್ತಿದ್ದೀರಿ ಎಂದು ನನಗೆ ಬರೆದಿದ್ದಾಳೆ. ಅಕ್ಷರ ನೋಡಿದರೆ ಅವಳು ನಿಮ್ಮ ಮನೆಯವಳೇ ಇರಬೇಕು ಎನ್ನುತ್ತಾರೆ ನಮ್ಮ ಅತ್ತಿಗೆ. ಪರಹೆಂಗಸರ ಕಾಗದ ಬಂದರೆ ಕೆಲವು ಹೆಂಡಿರಿಗೆ ಹೊಟ್ಟೆಕಿಚ್ಚಾಗುವುದುಂಟು. ನೀವು ಕೋಪಿಸಿಕೊಳ್ಳಬೇಡಿ. ಅವಳ ಜೊತೆ ಸ್ವಲ್ಪ ತಾಳ್ಮೆಯಿಂದಿರಿ.'"

ಲೊವೀನಾಳ ಭುಜ ಅಲುಗಾಡತೊಡಗಿತು. ಮತ್ತೆ ಅಳುತ್ತಿದ್ದಾಳೆ ಎಂದುಕೊಂಡೆ. ಅಲ್ಲ, ನಗುತ್ತಿದ್ದಳು.

ಫಿಚ್‌ನ ಕೆಲಸ ಕ್ರಿಸ್‌ಮಸ್‌ಗೆ ಮುಂಚೆಯೇ ಹೋಯಿತು, ನಕಲು ಪುಸ್ತಕ ಯಾರೋ ನೋಡಿದರಂತೆ. ಈಗ ಒಂದು ಬೀಜದ ಕಂಪನಿಗೆ ಎಲೆಕೋಸನ್ನು ಹೊಗಳಿ ಬರೆಯುತ್ತಿದ್ದಾನೆ. ತಿಂಗಳಿಗೊಮ್ಮೆ ಲೊವೀನಾಗೂ ಬರೆಯುತ್ತಾನೆ, ಸ್ವಂತ ಹೆಸರಿನಲ್ಲಿ. ಬರೇ ಮಳೆ, ಚಳಿ, ತನ್ನ ಕಾಲಿನ ಆಣಿ. ಎಂಥ ಸಪ್ಪೆ ಮನುಷ್ಯ ಎಂದು ಬೈದುಕೊಂಡೇ ಅವಳು ಉತ್ತರ ಬರೆಯುತ್ತಾಳೆ.

ಕಂಪನಿಯ ಪಂಚಾಂಗದಲ್ಲಿ ಆರಿನ್ ಇನ್ನೂ ಏಳು ವರ್ಷ ಆರೋಗ್ಯವಾಗಿದ್ದ. ಕಾಗದ ಬರೆದು ಕೇಳಿದ ಎಲ್ಲರಿಗೂ ಲೊವೀನಾ ಹಿಂದಿನ ಹಾಗೇ ಅವನು ಸತ್ತ ಸಂಗತಿ ತಿಳಿಸುತ್ತಿದ್ದಳು. ಸಲೋಮಾಳಿಗೆ ಮಾತ್ರ ತಿಳಿಸಲಿಲ್ಲ. ಆ ಹೆಂಗಸು ವರ್ಷಕ್ಕೊಮ್ಮೆ ಎಫಿಯ ಸುದ್ದಿ ಬರೆಯುತ್ತಿದ್ದಳು, ಎಷ್ಟು ಉದ್ದವಾದಳು, ಯಾವ ಮರದಿಂದ ಬಿದ್ದಳು ಎಂದೆಲ್ಲ. ಒಮ್ಮೆ, ನೀವು ಗಂಡ ಹೆಂಡತಿ ಇಬ್ಬರೂ ಒಂದು ಸಲ ನಮ್ಮ ಮನೆಗೆ ಬಂದು ಹೋಗಬೇಕು ಎಂದು ಬಹಳ ಒತ್ತಾಯ ಮಾಡಿ ಬರೆದಳು.

ಲೊವೀನಾ ನನ್ನ ಕಟ್ಟೆಯ ಮೇಲೆಯೇ ಉತ್ತರ ಬರೆದಳು. ಅಷ್ಟು ಹೊತ್ತು ಲೇಖನಿ ಕಚ್ಚಿದ್ದನ್ನು ನಾನು ಕಂಡಿರಲಿಲ್ಲ. ಮುಗಿಸಿ, ಇದರಲ್ಲಿ ಒಂದು ಸುಳ್ಳಿದ್ದರೆ ತೋರಿಸು ಎಂದು ನನ್ನ ಮುಂದೆ ತಳ್ಳಿದಳು.

"ಕರೆದದ್ದಕ್ಕೆ ಸಂತೋಷ," ಎಂದಿತ್ತು. "ನಮ್ಮವರು ಈಗ ಎಲ್ಲಿಗೂ ಹೊರಡುವುದಿಲ್ಲ. ಮಾತೂ ಇಲ್ಲ. ಆದರೆ ಮೊದಲಿನ ಹಾಗೆ ಹೊಟ್ಟೆನೋವು ಅನ್ನುವುದಿಲ್ಲ. ಎಫಿಗೆ ನನ್ನ ಮುತ್ತು."